ಗೋಣಿಕೊಪ್ಪದ ಚೀಟಿ ಸಿದ್ದಾಪುರದ ಲೆಕ್ಕಕ್ಕೆ: ಒಂದು ಕುಕೀಯ ಜಾಡು ಹಿಡಿದ ಪ್ರಕರಣ

ದಕ್ಷಿಣ ಕೊಡಗಿನ ಒಂದು ಬೆಳೆಗಾರರ ಸಂಘ ತನ್ನ ಡಿಪೋಗಳಲ್ಲಿ ಕಾಫಿ ತೂಕ ಹಾಕಿ ಚೀಟಿ ಕೊಡುವ ಕೆಲಸವನ್ನು ಕೆಲವು ವರ್ಷಗಳ ಹಿಂದೆ ವೆಬ್‌ಸೈಟಿಗೆ ತಂದಿತ್ತು. ಬೆಳೆಗಾರ ಪಿಕಪ್‌ನಲ್ಲಿ ಚೆರ್ರಿ ತರುತ್ತಾನೆ. ಗುಮಾಸ್ತರು ತೂಕ ಹಾಕಿ, ತೇವಾಂಶ ನೋಡಿ, ಬೆಳೆಗಾರನ ಕೋಡ್, ಚೀಲದ ಸಂಖ್ಯೆ, ತೂಕ ಇಷ್ಟನ್ನು ಬ್ರೌಸರಿನಲ್ಲಿ ತುಂಬಿ ಒತ್ತಿದರೆ ಚೀಟಿ ಪ್ರಿಂಟ್ ಆಗಿ ಬರುತ್ತದೆ. ದರ ಏರಲಿ ಎಂದು ಕಾಯುವವರು ತಿಂಗಳುಗಟ್ಟಲೆ ಕಾಫಿಯನ್ನು ಡಿಪೋದಲ್ಲೇ ಬಿಟ್ಟು ಚೀಟಿಯನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಮಾರುವ ದಿನ ಔಟ್‌ಟರ್ನ್ (ಓಟಿ, ಅಂದರೆ ಚೆರ್ರಿಯಿಂದ ಎಷ್ಟು ಶುದ್ಧ ಬೀಜ ಸಿಗುತ್ತದೆ ಎಂಬ ಅಳತೆ) ನೋಡಿ, 50 ಕೆ.ಜಿ. ಚೀಲಕ್ಕೆ ಓಟಿ ಲೆಕ್ಕದಲ್ಲಿ ಹಣ. ಅಲ್ಲಿಯವರೆಗೆ ಆ ವರ್ಷದ ದುಡಿಮೆಗೆ ಬೆಳೆಗಾರನ ಕೈಯಲ್ಲಿ ಇರುವುದು ಆ ಚೀಟಿ ಒಂದೇ.

ಕಳೆದ ಕೊಯ್ಲಿನಲ್ಲಿ ಈ ಚೀಟಿಗಳಲ್ಲಿ ಕೆಲವು ದಾರಿ ತಪ್ಪಿದವು. ಗೋಣಿಕೊಪ್ಪದಲ್ಲಿ ಇಳಿಸಿದ ಚೀಲಗಳು ಕಂಪ್ಯೂಟರಿನಲ್ಲಿ ಸಿದ್ದಾಪುರದ ದಾಸ್ತಾನಿಗೆ ಸೇರಿದವು. ಗೋದಾಮಿನಲ್ಲಿ ಎಣಿಸಿದರೆ ಒಂದು ಕಡೆ ಚೀಲ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಗುಮಾಸ್ತರು ಡಿಪೋ ತಪ್ಪಾಗಿ ಆರಿಸಿದ್ದಾರೆ ಎಂಬುದೇ ಎಲ್ಲರ ಮೊದಲ ಮಾತು. ಕೌಂಟರಿನಲ್ಲಿ ಕೂರುವ ಮಹಿಳೆ ಮಾತ್ರ ಪಟ್ಟು ಬಿಡಲಿಲ್ಲ. “ಸರ್, ಸ್ಕ್ರೀನ್ ಮೇಲೆ ಗೋಣಿಕೊಪ್ಪ ಅಂತಲೇ ಇತ್ತು. ನೋಡಿಯೇ ಒತ್ತಿದ್ದು.” ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದನ್ನು ತೋರಿಸಿಕೊಡಲು ಬ್ರೌಸರ್ ಮತ್ತು ಸರ್ವರಿನ ನಡುವೆ ಓಡಾಡುವುದನ್ನೆಲ್ಲ ಹಿಡಿದು ಓದಬೇಕಾಯಿತು. ಎಪಿಐ (ಪ್ರೋಗ್ರಾಮ್‌ಗಳು ಸರ್ವರ್ ಜೊತೆ ಮಾತಾಡುವ ದಾರಿ) ಟೆಸ್ಟ್ ಬರೆಯುವವರ ಕಣ್ಣು ತಪ್ಪುವ ಜಾಗ ಇದು, ಕಣ್ಣು ತಪ್ಪಿದ್ದಕ್ಕೆ ಬೈಸಿಕೊಳ್ಳುವವರು ಕೌಂಟರಿನಲ್ಲಿ ಕೂತವರು. ಹಾಗಾಗಿ ನಡೆದದ್ದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ನಮ್ಮ ಕೈಗೆ ಬರುವ ಮುಂಚೆ

ಸೈಟ್ ಕಟ್ಟಿದವರು ಎಂದೋ ಬೇರೆ ಕೆಲಸಕ್ಕೆ ಹೋಗಿದ್ದರು. ನಿರ್ವಹಣೆ ಮೈಸೂರಿನ ಒಬ್ಬ ಎಂಜಿನಿಯರ್ ಕೈಯಲ್ಲಿತ್ತು. ಯಾವ ವಿಳಾಸಕ್ಕೆ ಏನು ಕಳುಹಿಸಿದರೆ ಏನು ಬರುತ್ತದೆ ಎಂದು ಬರೆದಿಟ್ಟ ಒಂದು ಪುಟವೂ ಇರಲಿಲ್ಲ. ಎಪಿಐ ಪರೀಕ್ಷಿಸುವ ಪೋಸ್ಟ್‌ಮ್ಯಾನ್ ಎಂಬ ಸಾಧನದಲ್ಲಿ ಒಂದಷ್ಟು ಟೆಸ್ಟ್‌ಗಳಿದ್ದವು: ಲಾಗಿನ್ ಆಗು, ಡಿಪೋ ಆರಿಸು, ಚೀಟಿ ಉಳಿಸು. ಎಲ್ಲವೂ ಪಾಸ್.

ಎಂಜಿನಿಯರ್ ಸುಮ್ಮನೆ ಕೂತವರಲ್ಲ. ಡಿಪೋದವರಿಗೆ ಫೋನಿನಲ್ಲೇ ಹೇಳಿಕೊಟ್ಟು ಹಾರ್ ಫೈಲ್ ತರಿಸಿಕೊಂಡಿದ್ದರು. ಬ್ರೌಸರ್ ಕಳುಹಿಸಿದ ಪ್ರತಿಯೊಂದು ರಿಕ್ವೆಸ್ಟ್, ಅದಕ್ಕೆ ಬಂದ ಉತ್ತರ, ಹೆಡರ್ (ಜೊತೆಗೆ ಹೋಗುವ ವಿವರದ ಸಾಲುಗಳು), ಹಿಡಿದ ಸಮಯ ಎಲ್ಲವನ್ನೂ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದಿಡುವ ಕಡತ ಅದು. ಸರಿಯಾಗಿ ಉಳಿದ ಚೀಟಿ ಮತ್ತು ತಪ್ಪು ಡಿಪೋಗೆ ಹೋದ ಚೀಟಿ, ಎರಡರ ರಿಕ್ವೆಸ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ವಿಳಾಸ, ಒಂದೇ ಬಗೆಯ ಒಡಲು (ಕಳುಹಿಸಿದ ಮಾಹಿತಿ): ಕೋಡ್, ಚೀಲ, ತೂಕ, ತೇವಾಂಶ. ವ್ಯತ್ಯಾಸವೇ ಇಲ್ಲದ ಮೇಲೆ ಒತ್ತಿದವರದ್ದೇ ತಪ್ಪು ಎಂದು ಬರೆದು ಕಳುಹಿಸಿದರು.

ಆ ಒಡಲಿನಲ್ಲಿ ಡಿಪೋ ಎಂಬುದೇ ಇಲ್ಲ! ಕೋಡ್ ಇದೆ, ತೂಕ ಇದೆ. ಯಾವ ಡಿಪೋ ಎಂದು ಎಲ್ಲೂ ಹೇಳಿಲ್ಲ. ಆದರೂ ಸರ್ವರ್ ಚೀಟಿಯನ್ನು ಒಂದು ಡಿಪೋಗೆ ಹಾಕುತ್ತಿದೆ. ಹಾಗಾದರೆ ಆ ಸುದ್ದಿ ಬೇರೆ ದಾರಿಯಲ್ಲಿ ಹೋಗುತ್ತಿರಬೇಕು. ಕಡತ ನಮ್ಮ ಕೈಗೆ ಬಂದಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ಇದು.

ಆ ಬೇರೆ ದಾರಿ ಕಡತದಲ್ಲಿ ಕಾಣದಿದ್ದುದಕ್ಕೆ ಕಾರಣ ಕ್ರೋಮ್ ಬ್ರೌಸರ್. ಕುಕೀ ಎಂದರೆ ಸೈಟ್ ಬ್ರೌಸರಿನಲ್ಲಿ ಇಟ್ಟು, ರಿಕ್ವೆಸ್ಟ್‌ಗಳ ಜೊತೆ ಮರಳಿ ಪಡೆಯುವ ಸಣ್ಣ ಗುರುತು; ಅದನ್ನು ಇಡಲು ಸರ್ವರ್ ಕಳುಹಿಸುವ ಹೆಡರ್ ಸೆಟ್-ಕುಕೀ. 2024ರಲ್ಲಿ ಬಂದ 130ನೇ ಆವೃತ್ತಿಯಿಂದ ಹಾರ್ ಫೈಲ್ ಇಳಿಸಿಕೊಂಡರೆ ಕುಕೀ, ಸೆಟ್-ಕುಕೀ, ಆಥರೈಸೇಶನ್ ಹೆಡರ್‌ಗಳನ್ನು ಕ್ರೋಮ್ ತಾನಾಗಿ ತೆಗೆದುಹಾಕುತ್ತದೆ. ಬೇಕೆಂದರೆ ಡೆವಲಪರ್ ಟೂಲ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸೂಕ್ಷ್ಮ ಮಾಹಿತಿ ಸಹಿತ ಇಳಿಸಲು ಅನುಮತಿ ಕೊಡಬೇಕು. ಇದು ಒಳ್ಳೆಯ ಎಚ್ಚರಿಕೆಯೇ. 2023ರ ಅಕ್ಟೋಬರಿನಲ್ಲಿ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಗ್ರಾಹಕ ಬೆಂಬಲ ವ್ಯವಸ್ಥೆಗೆ ನುಗ್ಗಿದವರು ಗ್ರಾಹಕರು ಅಲ್ಲಿಗೆ ಹಾಕಿದ್ದ ಹಾರ್ ಫೈಲ್‌ಗಳಿಂದಲೇ ಸೆಷನ್ ಟೋಕನ್ (ಲಾಗಿನ್ ಆಗಿದ್ದಾರೆ ಎಂಬುದರ ಗುರುತು) ಕದ್ದಿದ್ದರು. ಪಾಸ್‌ವರ್ಡ್ ಬೇಕಾಗಲಿಲ್ಲ, ಎರಡನೇ ಹಂತದ ಒಟಿಪಿಯೂ ಬೇಕಾಗಲಿಲ್ಲ. ಲಾಗಿನ್ ಆಗಿರುವ ಸೆಷನ್ ಕುಕೀ ಎಂದರೆ ಗೋದಾಮಿನ ಬೀಗದ ಕೈ ಇದ್ದಂತೆ, ಯಾರ ಕೈಯಲ್ಲಿದ್ದರೂ ಬಾಗಿಲು ತೆರೆಯುತ್ತದೆ. ಆದರೆ ನಮ್ಮ ಪ್ರಕರಣದಲ್ಲಿ ಬೇಕಾಗಿದ್ದ ಸಾಕ್ಷಿ ಇದ್ದದ್ದೇ ಆ ಹೆಡರ್‌ಗಳಲ್ಲಿ. ಕುಕೀ ಇಲ್ಲದ ಕಡತ ನೋಡಿ ಯಾರೂ ಈ ತಪ್ಪನ್ನು ಹಿಡಿಯಲಾಗದು.

ಡಿಪೋದ ಕಂಪ್ಯೂಟರಿನ ಮುಂದೆ

ಹೋಗುವ ಮುಂಚೆ ಸಂಘದಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೆವು. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೊಕ್ಕು ಮಾಹಿತಿ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ಕೆಲಸ ಒಳ್ಳೆಯ ಉದ್ದೇಶದ್ದು ಎಂಬುದು ಅನುಮತಿಗೆ ಬದಲಾಗುವುದಿಲ್ಲ. ಜೊತೆಗೆ ಪರೀಕ್ಷೆಗೆಂದೇ ಒಂದು ಲಾಗಿನ್, ಒಂದು ಸುಳ್ಳು ಬೆಳೆಗಾರ ಕೋಡ್ ಕೇಳಿ ಪಡೆದೆವು. ನಿಜವಾದ ಬೆಳೆಗಾರರ ಪುಟದಲ್ಲಿ ಬ್ಯಾಂಕ್ ಖಾತೆ, ಆರ್‌ಟಿಸಿ ಸಂಖ್ಯೆ ಎಲ್ಲ ಇರುತ್ತವೆ. ಟ್ರಾಫಿಕ್ ಹಿಡಿದರೆ ಅವೂ ನಮ್ಮ ಕಡತದೊಳಗೆ ಬಂದು ಕೂರುತ್ತವೆ.

ಇನ್ನೊಂದು ವಿಷಯ ಮೊದಲೇ ಗಮನಿಸಿದ್ದು ಒಳ್ಳೆಯದಾಯಿತು. ಸಂಘದ ಪರೀಕ್ಷಾ ಸೈಟ್ ಇದ್ದದ್ದು ಅಸಲಿ ಸೈಟಿನ ಅದೇ ವಿಳಾಸದಲ್ಲಿ, ಪೋರ್ಟ್ (ವಿಳಾಸದ ಜೊತೆ ಬರುವ ಬಾಗಿಲ ಸಂಖ್ಯೆ) ಮಾತ್ರ ಬೇರೆ. ಪೋರ್ಟ್ ಬೇರೆಯಾದರೆ ಸೈಟೂ ಬೇರೆ ಎಂದು ನಂಬುವುದು ಸಹಜ. ಆದರೆ ಕುಕೀಗೆ ಪೋರ್ಟ್ ಲೆಕ್ಕಕ್ಕಿಲ್ಲ. ಕುಕೀಯ ನಿಯಮಗಳನ್ನು ಬರೆದಿಟ್ಟ 2011ರ ಆರ್‌ಎಫ್‌ಸಿ 6265 ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಪರೀಕ್ಷಾ ಸೈಟಿಗೆ ಲಾಗಿನ್ ಆದ ಕ್ಷಣ ಗುಮಾಸ್ತರ ಅಸಲಿ ಸೆಷನ್ ಕುಕೀಯ ಮೇಲೆ ನಮ್ಮದು ಬಂದು ಕೂರುತ್ತಿತ್ತು. ಅದಕ್ಕೇ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡೆವು. ಪ್ರೊಫೈಲ್ ಬೇರೆಯಾದರೆ ಕುಕೀ ಡಬ್ಬಿಯೂ ಬೇರೆ.

ಹಿಡಿಯುವ ಕೆಲಸಕ್ಕೆ ಎಫ್12 ಒತ್ತಿದರೆ ತೆರೆಯುವ ಡೆವಲಪರ್ ಟೂಲ್ಸ್ ಸಾಕು. ಒತ್ತುವುದು ಮಾತ್ರ ಪುಟ ತೆರೆಯುವ ಮುಂಚೆ ಆಗಬೇಕು, ಟೂಲ್ಸ್ ತೆರೆಯುವ ಮೊದಲು ಓಡಿಹೋದ ರಿಕ್ವೆಸ್ಟ್‌ಗಳು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸಿಗುವುದಿಲ್ಲ. ಪ್ರಿಸರ್ವ್ ಲಾಗ್ ಎಂಬ ಗುರುತನ್ನೂ ಹಾಕಬೇಕು. ಈ ಸೈಟಿನಲ್ಲಿ ಲಾಗಿನ್ ಆದೊಡನೆ ಬೇರೆ ಪುಟಕ್ಕೆ ಹೋಗು ಎನ್ನುವ 302 ಸಂಖ್ಯೆಯ ಉತ್ತರ ಬಂದು ಬ್ರೌಸರ್ ಇನ್ನೊಂದು ಪುಟಕ್ಕೆ ಹಾರುತ್ತದೆ. ಸೆಷನ್ ಕುಕೀ ಕೈಗೆ ಬರುವುದು ಆ 302ರ ಜೊತೆಗೇ. ಗುರುತು ಹಾಕದಿದ್ದರೆ ಹೊಸ ಪುಟ ಬಂದಾಗ ಹಳೆಯ ಸಾಲುಗಳೆಲ್ಲ ಅಳಿಸಿಹೋಗಿ, ಕುಕೀ ಎಲ್ಲಿಂದ ಬಂತು ಎಂಬುದೇ ಕಾಣುವುದಿಲ್ಲ. ಫೆಚ್ ಮತ್ತು ಎಕ್ಸ್‌ಎಚ್‌ಆರ್ (ಪುಟದ ಸ್ಕ್ರಿಪ್ಟ್ ಕಳುಹಿಸುವ ರಿಕ್ವೆಸ್ಟ್‌ಗಳು) ಮಾತ್ರ ತೋರಿಸು ಎಂಬ ಸೋಸುವಿಕೆಯನ್ನು ಹಲವರು ಅಭ್ಯಾಸಬಲದಿಂದ ಹಾಕಿಬಿಡುತ್ತಾರೆ. ಹಳೆಯ ಕಾಲದ ಫಾರಂ ಸಲ್ಲಿಕೆಗಳು ಅದರಲ್ಲಿ ಕಾಣುವುದಿಲ್ಲ. ಈ ಸೈಟಿನ ಲಾಗಿನ್ ಅಂಥದ್ದೇ. ಮೊದಲ ಸಲ ಎಲ್ಲವನ್ನೂ ಹಿಡಿಯಿರಿ, ಚಿತ್ರ, ಫಾಂಟ್‌ಗಳನ್ನು ಆಮೇಲೆ ಬಿಡಿಸಿಕೊಳ್ಳಬಹುದು.

ಹೀಗೆ ಹಿಡಿದ ಮೇಲೆ ಕಥೆ ಅರ್ಧ ಬಿಚ್ಚಿಕೊಂಡಿತು. ಮೇಲಿನ ಪಟ್ಟಿಯಲ್ಲಿ ಡಿಪೋ ಆರಿಸಿದಾಗ ಸರ್ವರಿಗೆ ಒಂದು ಸಣ್ಣ ರಿಕ್ವೆಸ್ಟ್ ಹೋಗುತ್ತದೆ, ಉತ್ತರದಲ್ಲಿ ಡಿಪೋ ಎಂಬ ಹೆಸರಿನ ಕುಕೀ ಬರುತ್ತದೆ. ಮುಂದೆ ಚೀಟಿ ಉಳಿಸುವಾಗ ಒಡಲಿನಲ್ಲಿ ಡಿಪೋ ಇಲ್ಲ, ಆ ಕುಕೀ ಇದೆ:

ಪೋಸ್ಟ್ /ಎಪಿಐ/ಚೀಟಿ
ಕುಕೀ: ಸೆಷನ್=(ಮರೆಮಾಡಿದೆ); ಡಿಪೋ=1
ಒಡಲು: ಕೋಡ್, ಚೀಲ, ತೂಕ, ತೇವಾಂಶ

ಸಂಖ್ಯೆ 1 ಗೋಣಿಕೊಪ್ಪ, 2 ಸಿದ್ದಾಪುರ, 3 ವಿರಾಜಪೇಟೆ. ಕುಕೀ ನೋಡಿ ಸರ್ವರ್ ಡಿಪೋ ತೀರ್ಮಾನಿಸುತ್ತಿತ್ತು. ಆದರೆ ನಾವು ಎಷ್ಟು ಚೀಟಿ ಉಳಿಸಿದರೂ ಎಲ್ಲವೂ ಗೋಣಿಕೊಪ್ಪಕ್ಕೇ ಸರಿಯಾಗಿ ಹೋದವು.

ಎರಡನೇ ಟ್ಯಾಬ್

ಟೂಲ್ಸ್ ಬದಿಗಿಟ್ಟು ಗುಮಾಸ್ತರು ಕೆಲಸ ಮಾಡುವುದನ್ನು ನೋಡುತ್ತ ಕೂತದ್ದು ಉಪಯೋಗಕ್ಕೆ ಬಂತು. ನಡುವೆ ಒಂದು ಫೋನ್. ಎರಡು ಕಡೆ ತೋಟ ಇರುವ ಬೆಳೆಗಾರರು: “ಅಕ್ಕ, ನಮ್ಮ ಸಿದ್ದಾಪುರದ ತೋಟದ್ದು ಎಷ್ಟು ಚೀಲ ಉಂಟು, ನೋಡಿ ಹೇಳಿ.” ಎದುರಿಗೆ ತೂಕಕ್ಕೆ ನಿಂತವರಿದ್ದಾರೆ, ಅರ್ಧ ತುಂಬಿದ ಚೀಟಿ ತೆರೆದಿದೆ. ಅದನ್ನು ಮುಚ್ಚುವಂತಿಲ್ಲ. ಅವರು ಹೊಸ ಟ್ಯಾಬ್ ತೆರೆದು, ಸಿದ್ದಾಪುರ ಆರಿಸಿ, ದಾಸ್ತಾನು ನೋಡಿ ಹೇಳಿ, ಮೊದಲ ಟ್ಯಾಬ್‌ಗೆ ಬಂದು ಚೀಟಿ ಉಳಿಸಿದರು. ಸ್ಕ್ರೀನ್ ಮೇಲೆ ಗೋಣಿಕೊಪ್ಪ ಎಂದೇ ಇತ್ತು. ಚೀಟಿ ಸಿದ್ದಾಪುರಕ್ಕೆ ಹೋಗಿತ್ತು.

ಕುಕೀ ಟ್ಯಾಬಿನ ಆಸ್ತಿಯಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಲೂ ಮೊಂಟುಲ್ಲಿ ಅದನ್ನು ರೂಪಿಸಿದಾಗಿನಿಂದಲೂ ಕುಕೀ ಬ್ರೌಸರಿಗೂ ಸೈಟಿಗೂ ಸೇರಿದ್ದು. ಒಂದೇ ಪ್ರೊಫೈಲ್‌ನ ಎಲ್ಲ ಟ್ಯಾಬ್‌ಗಳಿಗೂ ಡಬ್ಬಿ ಒಂದೇ. ಎರಡನೇ ಟ್ಯಾಬ್‌ನಲ್ಲಿ ಸಿದ್ದಾಪುರ ಆರಿಸಿದ ಕ್ಷಣ ಡಿಪೋ ಕುಕೀ 2 ಆಗುತ್ತದೆ. ಮೊದಲ ಟ್ಯಾಬಿನ ಪುಟಕ್ಕೆ ಅದರ ಸುಳಿವಿಲ್ಲ, ಅದು ತೆರೆದಾಗ ಬರೆದ ಹೆಸರನ್ನೇ ತೋರಿಸುತ್ತಾ ಕೂತಿರುತ್ತದೆ.

ಇಲ್ಲಿ ಹಿಡಿಯುವ ಸಾಧನವೇ ಕಾರಣವನ್ನು ಮರೆಮಾಡುತ್ತದೆ. ನೆಟ್‌ವರ್ಕ್ ಟ್ಯಾಬ್ ದಾಖಲಿಸುವುದು ತಾನು ತೆರೆದಿರುವ ಒಂದು ಟ್ಯಾಬಿನ ಓಡಾಟವನ್ನು ಮಾತ್ರ. ಕುಕೀ ಡಬ್ಬಿಯೋ ಇಡೀ ಬ್ರೌಸರಿನದ್ದು. ಮೊದಲ ಟ್ಯಾಬಿನಿಂದ ಕುಕೀ ಸಹಿತ ಹಾರ್ ಫೈಲ್ ಇಳಿಸಿದ್ದರೂ ಸಿದ್ದಾಪುರದ ಸೆಟ್-ಕುಕೀ ಅದರಲ್ಲಿ ಸಿಗುತ್ತಿರಲಿಲ್ಲ, ಅದು ಬಂದದ್ದು ಇನ್ನೊಂದು ಟ್ಯಾಬಿಗೆ. ಕಡತದಲ್ಲಿ ಕಾಣುವುದು ಇಷ್ಟೇ: ಒಂದು ರಿಕ್ವೆಸ್ಟ್‌ನಲ್ಲಿ ಡಿಪೋ=1, ಸ್ವಲ್ಪ ಹೊತ್ತಿನ ನಂತರದ್ದರಲ್ಲಿ ಡಿಪೋ=2, ನಡುವೆ ಅದನ್ನು ಬದಲಿಸಿದ ಉತ್ತರ ಯಾವುದೂ ಇಲ್ಲ. ಟ್ರಾಫಿಕ್ ಓದುವಾಗ ನಾನು ಮೊದಲು ಹುಡುಕುವುದು ಇಂಥದ್ದನ್ನೇ. ರಿಕ್ವೆಸ್ಟ್‌ನಲ್ಲಿರುವ ಪ್ರತಿ ಕುಕೀ, ಪ್ರತಿ ಟೋಕನ್‌ಗೂ ಹಿಂದಿನ ಯಾವುದೋ ಉತ್ತರದಲ್ಲಿ ಹುಟ್ಟು ಇರಬೇಕು. ಹುಟ್ಟು ಸಿಗದಿದ್ದರೆ ನೀವು ಹಿಡಿಯದ ಇನ್ನೊಂದು ದಾರಿ ಎಲ್ಲೋ ಇದೆ.

ಎರಡೂ ಟ್ಯಾಬ್‌ಗಳನ್ನು ಒಟ್ಟಿಗೆ ನೋಡಲು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮಿಟ್ಮ್‌ಪ್ರಾಕ್ಸಿ (ಬ್ರೌಸರಿಗೂ ಸರ್ವರಿಗೂ ನಡುವೆ ಕೂತು ಓಡಾಟ ದಾಖಲಿಸುವ ಸಾಧನ) ನಿಲ್ಲಿಸಿ, ಬ್ರೌಸರಿನ ಎಲ್ಲ ಓಡಾಟವನ್ನೂ ಅದರ ಮೂಲಕ ಹಾಯಿಸಿದೆವು. ಆಗ ಸಾಲುಗಳು ಕಾಲಕ್ರಮದಲ್ಲಿ ಒಂದರ ಕೆಳಗೊಂದು ಬಂದವು: ಗೋಣಿಕೊಪ್ಪ ಆಯ್ಕೆ, ಸಿದ್ದಾಪುರ ಆಯ್ಕೆ, ಚೀಟಿ. ಎಚ್‌ಟಿಟಿಪಿಎಸ್ ಬಿಚ್ಚಿ ಓದಬೇಕಾದರೆ ಪ್ರಾಕ್ಸಿಯ ಪ್ರಮಾಣಪತ್ರವನ್ನು ನಂಬುವಂತೆ ಕಂಪ್ಯೂಟರಿಗೆ ಹೇಳಬೇಕಾಗುತ್ತದೆ. ಡಿಪೋದ ಕಂಪ್ಯೂಟರಿನಲ್ಲಿ ಅದನ್ನು ಮಾಡಲೇಬಾರದು. ಮರೆತು ಬಿಟ್ಟುಬಂದರೆ ಅಲ್ಲಿನ ಬ್ಯಾಂಕ್ ವ್ಯವಹಾರವೂ ಬಯಲಾಗುವ ದಾರಿ ಅದು.

ಬಿಡಿಬಿಡಿಯಾಗಿದ್ದ ಹಳೆಯ ದೂರುಗಳೂ ಇದರೊಳಗೆ ಬಂದು ಸೇರಿದವು. ಎರಡೂ ಡಿಪೋಗಳಲ್ಲಿ ಕೋಡ್ ಇರುವ ಬೆಳೆಗಾರರ ಚೀಟಿಗಳು ಮಾತ್ರ ಸದ್ದಿಲ್ಲದೆ ತಪ್ಪಿದ್ದವು. ಒಂದೇ ಕಡೆ ಕೋಡ್ ಇದ್ದವರದ್ದಾದರೆ ‘ಕೋಡ್ ಸಿಗಲಿಲ್ಲ’ ಎಂದು ಬರುತ್ತಿತ್ತು, ನೆಟ್‌ವರ್ಕ್ ಸರಿ ಇಲ್ಲ ಎಂದುಕೊಂಡು ಗುಮಾಸ್ತರು ಪುಟ ತೆರೆದು ಮತ್ತೆ ತುಂಬುತ್ತಿದ್ದರು. ಕರೆಂಟ್ ಹೋಗಿ ಬಂದ ಮೇಲೆ ಡಿಪೋ ತಾನಾಗಿ ಬದಲಾಗುತ್ತದೆ ಎಂದೂ ಅವರು ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬ್ರೌಸರ್ ಮುಚ್ಚಿದರೆ ಸೆಷನ್ ಕುಕೀಗಳು (ಮುಗಿಯುವ ದಿನ ಬರೆಯದ ಕುಕೀಗಳು) ಹೋಗಬೇಕು ಎಂಬುದು ನಿಯಮ. ಆದರೆ ನಿಲ್ಲಿಸಿದಲ್ಲಿಂದ ಮುಂದುವರಿಸು ಎಂದು ಹೊಂದಿಸಿದ್ದರೆ ಕ್ರೋಮ್ ಟ್ಯಾಬ್‌ಗಳ ಜೊತೆ ಅವನ್ನೂ ಮರಳಿ ತರುತ್ತದೆ. ಎರಡೂ ಟ್ಯಾಬ್ ಹೊಸದಾಗಿ ಲೋಡ್ ಆಗಿ, ಕೊನೆಗೆ ಆರಿಸಿದ ಡಿಪೋವನ್ನೇ ತೋರಿಸುತ್ತಿದ್ದವು. ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು.

ಟೆಸ್ಟ್ ಬರೆದದ್ದು

ನೆಟ್‌ವರ್ಕ್ ಟ್ಯಾಬ್‌ನಲ್ಲಿ ರಿಕ್ವೆಸ್ಟ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಆ್ಯಸ್ ಕರ್ಲ್ ಎಂದರೆ ಕುಕೀ ಸಹಿತ ಇಡೀ ರಿಕ್ವೆಸ್ಟ್ ಕರ್ಲ್ ಎಂಬ ಸಾಧನದಿಂದ ಮತ್ತೆ ಕಳುಹಿಸಬಹುದಾದ ಒಂದು ಆದೇಶವಾಗಿ ಕೈಗೆ ಬರುತ್ತದೆ. ವಿಂಡೋಸ್‌ನಲ್ಲಿ ಸಿಎಂಡಿ ಮತ್ತು ಬ್ಯಾಶ್ ಎಂದು ಎರಡು ಬಗೆ ಕೊಡುತ್ತದೆ, ಉದ್ಧರಣ ಚಿಹ್ನೆಗಳು ಬೇರೆಯಾದ್ದರಿಂದ ಒಂದರದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಅದನ್ನು ಹಾಗೇ ಓಡಿಸಿ ನೋಡುವುದು ಅರ್ಥಮಾಡಿಕೊಳ್ಳಲು ಬಹಳ ಒಳ್ಳೆಯದು. ಒಂದೊಂದೇ ಹೆಡರ್ ತೆಗೆಯುತ್ತಾ ಹೋದರೆ ಸರ್ವರಿಗೆ ನಿಜಕ್ಕೂ ಯಾವುದು ಬೇಕು ಎಂಬುದು ತಿಳಿಯುತ್ತದೆ. ಆದರೆ ಆ ಆದೇಶವನ್ನೇ ಟೆಸ್ಟ್ ಎಂದು ಇಟ್ಟುಕೊಂಡರೆ ಮರುದಿನ ಮುರಿಯುತ್ತದೆ. ಸೆಷನ್ ಮುಗಿದಿರುತ್ತದೆ. ಇಲ್ಲಿ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟ್ ಗುಮಾಸ್ತರ ಹೆಸರಿನಲ್ಲಿ ರಿಕ್ವೆಸ್ಟ್ ಕಳುಹಿಸದಂತೆ ತಡೆಯುವ ಗುರುತು) ಬೇರೆ ಇತ್ತು: ಲಾಗಿನ್ ಆದಾಗ ಒಂದು ಕುಕೀಯಾಗಿ ಬರುವ ಮೌಲ್ಯವನ್ನು ಪುಟದ ಸ್ಕ್ರಿಪ್ಟ್ ಓದಿ ಹೆಡರ್‌ನಲ್ಲಿ ಮರಳಿ ಕಳುಹಿಸುತ್ತದೆ, ಎರಡೂ ಹೊಂದದಿದ್ದರೆ 403, ಅಂದರೆ ನಿರಾಕರಣೆ. ಅದಕ್ಕೇ ನಮ್ಮ ಟೆಸ್ಟ್‌ಗಳು ಪ್ರತಿ ಸಲ ಪರೀಕ್ಷಾ ಖಾತೆಯಿಂದ ತಾವೇ ಲಾಗಿನ್ ಆಗಿ, ಕುಕೀ ಡಬ್ಬಿಯಿಂದ ಟೋಕನ್ ತೆಗೆದು ಹೆಡರ್‌ಗೆ ಹಾಕುತ್ತವೆ. ಹಿಡಿದ ಕುಕೀ ಒಂದೂ ಕೋಡ್‌ನೊಳಗೆ ಇಲ್ಲ.

ನಿಜವಾದ ತೊಡಕು ಬೇರೆ. ಗೋಣಿಕೊಪ್ಪ ಆರಿಸು, ಸಿದ್ದಾಪುರ ಆರಿಸು, ಚೀಟಿ ಉಳಿಸು ಎಂದು ಎಪಿಐಗೆ ಸಾಲಾಗಿ ಹೇಳಿದರೆ ಚೀಟಿ ಸಿದ್ದಾಪುರಕ್ಕೆ ಹೋಗುತ್ತದೆ. ಎಪಿಐ ದೃಷ್ಟಿಯಿಂದ ಅದೇ ಸರಿ! ಕೊನೆಗೆ ಹೇಳಿದ್ದನ್ನು ಅದು ಪಾಲಿಸಿದೆ. ಬಿಡಿಯಾಗಿ ನೋಡಿದರೆ ಯಾವ ರಿಕ್ವೆಸ್ಟೂ ತಪ್ಪಲ್ಲ. ಗುಮಾಸ್ತರ ಕಣ್ಣ ಮುಂದೆ ಏನಿತ್ತು ಎಂಬುದನ್ನು ಸೇರಿಸಿದಾಗ ಮಾತ್ರ ತಪ್ಪು ಕಾಣುತ್ತದೆ. ಹಳೆಯ ಪೋಸ್ಟ್‌ಮ್ಯಾನ್ ಟೆಸ್ಟ್‌ಗಳು ಪಾಸ್ ಆಗುತ್ತಿದ್ದುದಕ್ಕೂ ಇದೇ ಕಾರಣ.

ಆದ್ದರಿಂದ ಒಂದು ಟೆಸ್ಟನ್ನು ಬ್ರೌಸರ್ ಮೂಲಕವೇ, ಬ್ರೌಸರನ್ನು ತಾನಾಗಿ ನಡೆಸುವ ಪ್ಲೇರೈಟ್ ಎಂಬ ಸಾಧನದಲ್ಲಿ ಬರೆದೆವು. ಪ್ಲೇರೈಟ್‌ನಲ್ಲಿ ಕಾಂಟೆಕ್ಸ್ಟ್ ಎಂಬ ಏರ್ಪಾಡಿದೆ, ಪ್ರತಿ ಕಾಂಟೆಕ್ಸ್ಟ್‌ಗೂ ಬೇರೆಯೇ ಕುಕೀ ಡಬ್ಬಿ. ಟೆಸ್ಟ್‌ಗಳು ಒಂದಕ್ಕೊಂದು ಅಂಟದಿರಲಿ ಎಂದು ಎಲ್ಲರೂ ಹೊಸ ಹೊಸ ಕಾಂಟೆಕ್ಸ್ಟ್ ತೆರೆಯುತ್ತಾರೆ, ಅದು ಒಳ್ಳೆಯ ರೂಢಿ. ಆದರೆ ಎರಡು ಡಿಪೋಗೆ ಎರಡು ಕಾಂಟೆಕ್ಸ್ಟ್ ತೆರೆದರೆ ಈ ತಪ್ಪು ಜನ್ಮದಲ್ಲಿ ಸಿಗುವುದಿಲ್ಲ. ಒಂದೇ ಕಾಂಟೆಕ್ಸ್ಟ್‌ನೊಳಗೆ ಎರಡು ಪುಟ ತೆರೆಯಬೇಕು. ಒಂದರಲ್ಲಿ ಗೋಣಿಕೊಪ್ಪ, ಇನ್ನೊಂದರಲ್ಲಿ ಸಿದ್ದಾಪುರ, ಮತ್ತೆ ಮೊದಲನೆಯದರಲ್ಲಿ ಚೀಟಿ. ಬಳಿಕ ಅದೇ ಕಾಂಟೆಕ್ಸ್ಟ್‌ನ ಕುಕೀ ಬಳಸಿ ಎಪಿಐಯನ್ನು ಕೇಳಿ, ಚೀಟಿ ಕೂತ ಡಿಪೋ ಮತ್ತು ಪುಟದ ಮೇಲೆ ಬರೆದ ಡಿಪೋ ಒಂದೇ ಎಂದು ತಾಳೆ ನೋಡಬೇಕು. ಮೊದಲ ಓಟದಲ್ಲೇ ಅದು ಫೇಲ್ ಆಯಿತು. ಕೈಯಾರೆ ಟ್ಯಾಬ್ ತೆರೆಯದೆ, ಬೇಕೆಂದಾಗಲೆಲ್ಲ ತಪ್ಪನ್ನು ಎಬ್ಬಿಸಿ ತೋರಿಸಲು ಸಾಧ್ಯವಾದದ್ದು ಆಗಲೇ.

ಲಾಗ್‌ಔಟ್ ಆದ ಮೇಲೂ

ಕೆಲಸ ಮುಗಿಸಿ, ಹಿಡಿದ ಕಡತಗಳಲ್ಲಿದ್ದ ಸೆಷನ್ ಸಾಯಲಿ ಎಂದು ಲಾಗ್‌ಔಟ್ ಆದೆವು. ಸತ್ತಿದೆಯೇ ಎಂದು ನೋಡಲು ಹಳೆಯ ಕರ್ಲ್ ಆದೇಶವನ್ನು ಮತ್ತೆ ಓಡಿಸಿದರೆ ದಾಸ್ತಾನು ಪಟ್ಟಿ ಹಾಗೇ ಬಂತು. ಲಾಗ್‌ಔಟ್ ಎಂಬುದು ಬ್ರೌಸರಿನ ಕುಕೀಯನ್ನು ಅಳಿಸುತ್ತಿತ್ತು ಅಷ್ಟೆ, ಸರ್ವರಿನಲ್ಲಿ ಸೆಷನ್ ಜೀವಂತವಾಗಿಯೇ ಇತ್ತು. ಡಿಪೋ ಗೊಂದಲಕ್ಕಿಂತ ಇದು ಗಂಭೀರ ಎಂದು ನಮ್ಮ ವರದಿಯಲ್ಲಿ ಮೇಲಕ್ಕೆ ಹಾಕಿದೆವು. ಹಿಂದೆ ಯಾರಾದರೂ ಕುಕೀ ಸಹಿತ ಕಡತವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದ್ದರೆ, ಆಮೇಲೆ ಲಾಗ್‌ಔಟ್ ಆದರೂ ಪ್ರಯೋಜನವಿರಲಿಲ್ಲ.

ಎಂಜಿನಿಯರ್ ಎರಡನ್ನೂ ಒಪ್ಪಿ ತಿದ್ದಿದರು. ಲಾಗ್‌ಔಟ್‌ನಲ್ಲಿ ಸರ್ವರ್ ಈಗ ಸೆಷನ್ನನ್ನೇ ಅಳಿಸುತ್ತದೆ, ಹಳೆಯ ಕುಕೀಗೆ 401 (ಲಾಗಿನ್ ಆಗಿಲ್ಲ) ಬರುತ್ತದೆಯೇ ಎಂದು ನೋಡುವ ಟೆಸ್ಟ್ ಇದೆ. ಸೆಷನ್ ಕುಕೀಗೆ ಸೆಕ್ಯೂರ್, ಎಚ್‌ಟಿಟಿಪಿ-ಓನ್ಲಿ, ಸೇಮ್‌ಸೈಟ್ ಲ್ಯಾಕ್ಸ್ ಎಂಬ ಸುರಕ್ಷತಾ ಗುರುತುಗಳು ಬಿದ್ದವು. ಚೀಟಿಯ ಒಡಲಿನಲ್ಲೇ ಡಿಪೋ ಸಂಖ್ಯೆ ಹೋಗುತ್ತದೆ. ಅದಿಲ್ಲದಿದ್ದರೆ 400 (ರಿಕ್ವೆಸ್ಟ್ ಸರಿಯಿಲ್ಲ). ಆ ಲಾಗಿನ್‌ಗೆ ಆ ಡಿಪೋದಲ್ಲಿ ಚೀಟಿ ಬರೆಯುವ ಅಧಿಕಾರ ಇಲ್ಲದಿದ್ದರೆ 403. ಡಿಪೋ ಕುಕೀ ಉಳಿದಿದೆ, ಹೊಸ ಪುಟ ತೆರೆದಾಗ ಮೊದಲಿಗೆ ಯಾವ ಡಿಪೋ ತೋರಿಸಬೇಕು ಎಂಬುದಕ್ಕೆ ಮಾತ್ರ. ಎರಡು ಟ್ಯಾಬ್ ತೆರೆಯಲೇಬೇಡಿ ಎಂದು ಗುಮಾಸ್ತರಿಗೆ ಸುತ್ತೋಲೆ ಹೊರಡಿಸಿದರೆ ಸಾಲದೇ ಎಂದು ಸಂಘದ ಒಬ್ಬರು ಕೇಳಿದ್ದರು. ಸಾಲದು. ಫೋನ್ ಬಂದೇ ಬರುತ್ತದೆ, ಅರ್ಧ ಚೀಟಿ ತೆರೆದೇ ಇರುತ್ತದೆ.

ಹಳೆಯ ಚೀಟಿಗಳನ್ನು ಸರಿಪಡಿಸುವ ಕೆಲಸ ಎಲ್ಲಕ್ಕಿಂತ ನಿಧಾನವಾಯಿತು. ಸರ್ವರಿನ ಲಾಗ್‌ನಲ್ಲಿ ಕುಕೀಗಳು ದಾಖಲಾಗಿರಲಿಲ್ಲ, ಆದರೆ ಯಾವ ಲಾಗಿನ್ ಯಾವ ಹೊತ್ತಿಗೆ ಯಾವ ಡಿಪೋ ಆರಿಸಿತು ಎಂಬುದು ಇತ್ತು. ತನ್ನದಲ್ಲದ ಡಿಪೋವನ್ನು ಆರಿಸಿ, ಮತ್ತೆ ತನ್ನದನ್ನು ಆರಿಸದೆ ಚೀಟಿ ಉಳಿಸಿದ ಕಡೆಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿಕೊಟ್ಟೆವು. ಡಿಪೋದವರು ಆ ಪಟ್ಟಿಯನ್ನು ತಮ್ಮ ಕೈಬರಹದ ತೂಕದ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ಹಾಕಿ, ಬೆಳೆಗಾರರನ್ನು ಕರೆಸಿ, ಹಳೆಯ ಚೀಟಿ ವಾಪಸ್ ಪಡೆದು ಹೊಸದು ಕೊಟ್ಟರು.